ಬೆನ್ನು ಮುಂದಾಗಿ

ಮಲ್ಲಿಗೆ ಅಳೆದ ಹಾಗೆ ಅಳೆದರೆ
ಹದಿನೆಂಟು ಮೊಳ ಉದ್ದ ಈ ದೋಣಿ,
ಅಗಲ ಮಾತ್ರ ಮೊಳಕ್ಕೂ ಕಮ್ಮಿ.
ಹಲಸೂರು ಕೆರೆ ಇನ್ನೂ ಕಣ್ಣು ಬಿಟ್ಟಿಲ್ಲ.
ಸೇನೆಯ ದಡದಲ್ಲಿ ಯಾರೋ
ಕಹಳೆಯ ಉಗುಳು ಕೊಡವುತ್ತಿದ್ದಾನೆ.
ನಾನು ಉಸಿರು ಬಿಟ್ಟರೂ ದೋಣಿ ವಾಲುತ್ತದೆ.

ಮೆಟ್ಟಿಲ ಮೇಲೆ ಅರುಳಪ್ಪನವರು,
ಮಂಕಿ ಟೋಪಿ, ಸ್ಟೀಲ್ ಲೋಟ.
ಮೊದಲ ದಿನ ಕೇಳಿದ್ದು ಒಂದೇ: ‘ಏನು ಕೆಲಸ?’
ಬಿಎಂಟಿಸಿ ಕಂಡಕ್ಟರು ಅಂದೆ.
‘ಹಾಗಾದ್ರೆ ಅರ್ಧ ಬಂತು ನಿಂಗೆ,
ಮುಂದಕ್ಕೆ ಹೋಗ್ತಾ ಹಿಂದಕ್ಕೆ ನೋಡೋದು.’
ಉಳಿದರ್ಧಕ್ಕೆ ಇದು ಎರಡನೇ ವರ್ಷ.

ಒಂದು ಹುಟ್ಟಿನಲ್ಲೇ ಏಗಲಾರದವಳ ಕೈಗೆ
ಎರಡು ಹುಟ್ಟು ಕೊಟ್ಟರು.
ಎಡಗೈ ಮೇಲೆ, ಬಲಗೈ ಕೆಳಗೆ,
ಹೊಟ್ಟೆಯ ಮುಂದೆ ದಾಟುವಾಗ ಎರಡೂ
ಒಂದೇ ಒಲೆಯ ಮುಂದಿನ ವಾರಗಿತ್ತಿಯರು.
ಗೆಣ್ಣು ಗೆಣ್ಣನ್ನು ತರಿದು ರಕ್ತ.
‘ಬಸ್ಸಿನ ಕಂಬಿ ಅಲ್ಲಮ್ಮಾ ಅದು,
ಬೆರಳಿಗೆ ನೇತುಹಾಕು, ಸಾಕು.’

ಮೊದಲು ಕಾಲು, ಆಮೇಲೆ ಬೆನ್ನು, ಕಡೆಗೆ ಕೈ.
ವಾಪಸ್ಸಿಗೆ ಕೈ, ಬೆನ್ನು, ಕಾಲು.
ಇದು ನನಗೆ ಬೇಗ ತಿಳಿಯಿತು:
ಕೊನೆಗೆ ಹತ್ತಿದವರು ಮೊದಲು ಇಳಿಯಬೇಕು.
ತಿಳಿಯದ್ದು ಆ ಜಾರುವ ಸೀಟು.
ಎಳೆದು ಮುಗಿಸಿದ್ದೇ ತಡ, ಗುಡುಗುಡು ವಾಪಸ್ಸು ಬರುತ್ತಿದ್ದೆ,
ಯಾರೋ ಜಾಗ ಹಿಡಿದುಬಿಡುತ್ತಾರೆ ಅನ್ನುವ ಹಾಗೆ.
ದೋಣಿ ಗಕ್ಕನೆ ನಿಲ್ಲುತ್ತಿತ್ತು.
‘ಅದು ಹೋಗ್ತಾ ಇದೆ ಕಣಮ್ಮ, ಹೋಗೋಕೆ ಬಿಡು.
ನೀನು ನಿಧಾನಕ್ಕೆ ಬಾ.’
ಬ್ರೇಕು ಬಿದ್ದಾಗ ನಿಂತವರೆಲ್ಲ ಮುಗ್ಗರಿಸುತ್ತಾರಲ್ಲ,
ಅದೇ ಲೆಕ್ಕ, ತಿರುಗಾಮುರುಗಾ:
ಇಲ್ಲಿ ಮುಗ್ಗರಿಸಿದವಳೇ ಬ್ರೇಕು.

ಮಾರ್ಚಿಯಲ್ಲಿ ಒಮ್ಮೆ ಬಲಗಡೆಯ ಅಲಗು
ಓರೆಯಾಗಿ ಮುಳುಗಿ ನೀರು ಅದನ್ನು ಕಚ್ಚಿಕೊಂಡಿತು.
ಹಿಡಿ ಬಂದು ಪಕ್ಕೆಗೆ ಗುದ್ದಿ
ನಾನು ಕೆರೆಯೊಳಗೆ, ಅಂತರಗಂಗೆಯ ಬೇರು ಕಿವಿಯೊಳಗೆ.
ಮೂರು ಸಲ ಸೋಪು ಹಚ್ಚಿದರೂ ಮಧ್ಯಾಹ್ನದ ಪಾಳಿಯಲ್ಲಿ
ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ತಂದಳು.
ಟಿಕೆಟ್ಟು ಕೊಟ್ಟೆ. ಚಿಲ್ಲರೆಯನ್ನೂ ಕೊಟ್ಟೆ.

ಯಾಕೇ ನಾಗವೇಣಿ ಈ ವಯಸ್ಸಲ್ಲಿ, ಅನ್ನುತ್ತಾರೆ ಡಿಪೋದಲ್ಲಿ.
ದಿನಕ್ಕೆ ಎಂಟುನೂರು ಜನರನ್ನು ಸಾಗಿಸುವವಳಿಗೆ
ಒಬ್ಬಳನ್ನೇ ಸಾಗಿಸುವ ಗಾಡಿ ಬೇಕಿತ್ತು.
ಅದನ್ನು ಹೇಳುವುದಿಲ್ಲ.
ಸೊಂಟನೋವು ಅನ್ನುತ್ತೇನೆ, ಡಾಕ್ಟರು ಹೇಳಿದ್ದು ಅನ್ನುತ್ತೇನೆ.

ಇವತ್ತು ಮಂಜು.
ಗುರುದ್ವಾರದ ಗುಮ್ಮಟವನ್ನು
ದೋಣಿಯ ಬಾಲಕ್ಕೆ ಕಟ್ಟಿಕೊಂಡು ಹೊರಟೆ.
ಅದು ಬಾಲದ ನೇರ ಇರುವವರೆಗೂ ದಾರಿ ಸರಿ.
ಐದು ಎಳೆತಕ್ಕೊಮ್ಮೆ ಹೆಗಲಾಚೆ ಒಂದು ನೋಟ:
ನಡುಗಡ್ಡೆ, ನೀರುಕಾಗೆ, ಬಿಳಿ ಡ್ರಮ್ಮು.

ಎಲ್ಲಿಂದ ಬಂತೋ ಗೊತ್ತಿಲ್ಲ.
ಅಲಗು ಇಳಿಯಿತು, ಚಿಮ್ಮಲಿಲ್ಲ.
ಹಾಲಿಗೆ ಚಮಚ ಇಟ್ಟಷ್ಟೇ ಸದ್ದು.
ಕಾಲು ಒತ್ತಿದ್ದಕ್ಕೆ ಕೆರೆಯೇ ಬಂದು ಬೆನ್ನಿಗೆ ನಿಂತಿತು.
ಎಳೆದೆ, ಬಿಟ್ಟೆ,
ಬಿಟ್ಟ ಮೇಲೂ ದೋಣಿ ಹೋಗುತ್ತಲೇ ಇತ್ತು,
ತಳದಲ್ಲಿ ಗುಳುಗುಳು, ಯಾರದೋ ಮನೆಯ ಮಾತು ಗೋಡೆಯಾಚೆ ಕೇಳಿದಂತೆ.
ಹಿಂದೆ ಎರಡು ಸಾಲು ಸುಳಿ
ಅಂಗಿಗೆ ಗುಂಡಿ ಹಾಕಿಕೊಂಡು ದೂರ ಸರಿದವು,
ಜೋಡಿ ಜೋಡಿ, ಸಮ ಸಮ.
ಒಂಬತ್ತು. ಹತ್ತು. ಹನ್ನೊಂದು.

ಹನ್ನೆರಡಕ್ಕೆ ಎಡಗಡೆ ಪಟ್ಟನೆ ನೀರಿಗೆ ಬಡಿಯಿತು.
ಮಂಜಿನೊಳಗಿಂದ ದನಿ:
‘ಎಣಿಸಿದೆ ಅಲ್ವಾ?’

ದೋಣಿಯನ್ನು ತಲೆಯ ಮೇಲೆ ಹೊತ್ತು ತಂದು
ಒರೆಸಿ, ಬೋರಲು ಹಾಕಿದೆವು.
ಲೋಟದ ತಳದ ಕಾಫಿ ನನಗೆ ಕೊಟ್ಟರು, ತಣ್ಣಗಿತ್ತು.
ಒಂದೂ ನಲವತ್ತಕ್ಕೆ ಡ್ಯೂಟಿ.
ಟ್ರಿನಿಟಿ ತಿರುವಿನಲ್ಲಿ ಬಸ್ಸು ವಾಲಿದಾಗ
ಎಲ್ಲ ಕೈಗಳೂ ಕಂಬಿಗೆ ಹಾರಿದವು, ನನ್ನವು ಹಾರಲಿಲ್ಲ.
ಬೊಬ್ಬೆಯೆದ್ದ ಬೆರಳಲ್ಲಿ ಟಿಕೆಟ್ಟು ಹರಿಯುತ್ತಾ ನೋಡಿದೆ:
ಎಡಗೈ ಇನ್ನೂ ಬಲಗೈಗಿಂತ
ಕಾಲು ಕ್ಷಣ ತಡ.

ನಾಳೆ ಅದೊಂದೇ.
ರೈಟ್, ರೈಟ್.