ಹಸಿರು ದಾರದ ಬಾಜೂಕ

ಸೊಲ್ಲಾಪುರದ ಗಾಡಿ ಐದಕ್ಕಂತ.
ಎರಡೂವರೆಗೆ ಬಂದು ನನ್ನ ಅಂಗಡಿ ಮುಂದ
ಧೊಪ್ಪಂತ ಇಳಿಸಿದಳು ಚೀಲಾ.
ಅದು ಚೀಲ ಅಲ್ರೀ, ಒಂದು ಸಣ್ಣ ಮನಿ:
ಹೊರಗ ಜೋತುಬಿದ್ದ ಚಪ್ಲಿ, ಬದಿಗೆ ನೀರಿನ ಬಾಟ್ಲಿ,
ಒಣಗಲಿ ಅಂತ ಪಿನ್ನು ಚುಚ್ಚಿದ ಟವೆಲ್ಲು,
ಹಿಡಿಕಿಗೆ ಇನ್ನೂ ಅಂಟಿಕೊಂಡ ವಿಮಾನದ ಚೀಟಿ,
ಅದರಾಗ ಅರ್ಧ ಹೆಸರು: ರೇವಣಕರ.
ಎಡಗಡೆ ಪಟ್ಟಿ ಕಿತ್ತು ತೂಗಾಡತಿತ್ತು
ಎಮ್ಮಿ ಕಿವಿಯಂಗ.

'ಹೊಲಿದು ಕೊಡ್ತೀರಾ? ಅಷ್ಟರಲ್ಲಿ ಗುಮ್ಮಟ ನೋಡಿ ಬರ್ತೇನೆ.'
ಕಾರವಾರದ ಕಡೆಯ ಮಾತು, ತೊಳೆದಿಟ್ಟಂಗ.
ನಾನೋ, ದಸ್ತಗೀರ ನದಾಫ,
ಗಾಂಧಿ ಚೌಕದ ಹಿಂದಿನ ಓಣಿಯಾಗ
ಬೈಕಿನ ಸೀಟು ಹೊಲಿಯುವವ.
ಟಾಂಗಾದ ಗಾದಿ, ಟ್ರ್ಯಾಕ್ಟರಿನ ಗಾದಿ,
ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಬೆನ್ನಿಗೆ ಹೊರುವ ಮನಿ ಹೊಲಿದವನಲ್ಲ.
ಆಗಲಿ ಅಂದೆ.

ಪಟ್ಟಿ ತಿರುವಿ ನೋಡಿದರ
ಅಲ್ಲಾಗಲೇ ಒಂದು ಹೊಲಿಗಿ.
ಹಸಿರು ದಾರ. ನಮ್ಮ ಬಜಾರದಾಗ ಸಿಗೂದಲ್ಲ ಆ ಹಸಿರು.
'ಇದ್ಯಾರು ಹಾಕಿದ್ದು?'

ನಕ್ಕಳು.
ವಿಯೆಟ್ನಾಮಿಗೆ ಹೋಗುವಾಗ ಬ್ಯಾಂಕಾಕಿನಾಗ
ವಿಮಾನ ಬದಲಿಸಲಿಕ್ಕೆ ಒಂದೂವರೆ ದಿವಸ ಇತ್ತಂತ.
ಬಂಗಾರದ ಬುದ್ಧ, ನೀರ ಮ್ಯಾಲಿನ ಸಂತಿ,
ಎಲ್ಲಾ ಬರಕೊಂಡಿದ್ದಳಂತ.
ಇಳಿದ ತಾಸಿನೊಳಗ ಪಟ್ಟಿ ಹರಿದು
ಊರೆಲ್ಲ ಹುಡುಕಿದಳಂತ ಒಂದು ಸೂಜಿಗೆ.
ಮ್ಯಾಲೆ ರೈಲು, ನಡುವ ಕಾರು, ಕೆಳಗ ಮೋಟರ್‌ಸೈಕಲ್ಲು,
ಸಿಗ್ನಲ್ ಬಿಟ್ಟರ ಇಡೀ ರಸ್ತಾ ಕೆಮ್ಮಿದಂಗ.
ಅದರ ಬುಡಕ್ಕ, ಸೇತುವೆ ನೆಳ್ಳಾಗ,
ಕಾಲುಮಿಷನ್ ಇಟಗೊಂಡು ಒಬ್ಬಾಕಿ ಮುದುಕಿ.
ರೊಕ್ಕಕ್ಕ ಬೆರಳು ತೋರಿಸಿ, ಕಾಯೂದಕ್ಕ
ಉಪ್ಪುಖಾರ ಹಚ್ಚಿದ ಪೇರಲ ಹೋಳು ಕೊಟ್ಟಳಂತ.
'ಬ್ಯಾಂಕಾಕಲ್ಲಿ ಏನು ನೋಡಿದೆ ಅಂತ ಕೇಳಿದ್ರೆ
ಆ ಅಜ್ಜಿಯ ಕಾಲು ನೋಡಿದೆ ಅಂತೇನೆ' ಅಂದು
ಹೊಂಟಳು.

ಹೊಲಿಗಿ ಅಂದರ ಕೈಬರಹ.
ಗಂಟು ಹಾಕಿದ್ದು ನೋಡಿದರ ಆಕಿ ಎಡಚಿ.
ಮೂರು ಸಲ ಹಿಂದಕ್ಕ ಹೋಗಿ ಬಂದಾಳ,
ದಾರದ ಮ್ಯಾಲೆ ನಂಬಿಗಿ ಇಲ್ಲದಾಕಿ. ನಮ್ಮಪ್ಪನೂ ಹಂಗ.
ಆಕಿ ಹಾಕಿದ್ದು ಕಿತ್ತಿರಲಿಲ್ಲ,
ಅದರ ಬಾಜೂಕಿನ ಬಟ್ಟಿ ಕಿತ್ತಿತ್ತು.
ಹಳೇ ದಾರ ತಗದು ಹೊಸಾದು ಹಾಕೂದು ನಮ್ಮ ಪದ್ಧತಿ.
ಕತ್ತರಿ ಹಿಡಿದೆ.
ಇಟ್ಟೆ.
ಒಳಗೊಂದು ರೆಕ್ಸಿನ್ ತುಂಡು ಕೊಟ್ಟು
ಹಸಿರಿನ ಬಾಜೂಕ ಕರೇ ನೈಲಾನು ಎರಡು ಸಾಲು,
ಒಂದೇ ಪಂಕ್ತಿಯಾಗ ಉಣ್ಣಾಕ ಕೂಡಿಸಿದಂಗ.

ತೂಕ ತಾಳತದೋ ಇಲ್ಲೋ ನೋಡಬೇಕಲ್ಲ,
ಬೆನ್ನಿಗೇರಿಸಿದೆ. ಹೊಟ್ಟಿ ಮ್ಯಾಲಿನ ಬಕಲ್ಲು
ಕೂಡಲಿಲ್ಲ, ಬಿಟ್ಟೆ.
ಚೌಕದ ತನಕ ಹೋಗಿ ಬರೂಣು ಅಂತ ನಡದೆ.

ನಲವತ್ತು ವರ್ಷ ನಡದ ಓಣಿ.
ಹೊರೆ ಬಿದ್ದರ ನಡಿಗೀನ ಬ್ಯಾರೆ,
ಎದಿ ಮುಂದ, ಕಣ್ಣು ಮ್ಯಾಲೆ.
ಹಂಗಾಗಿ ಕಂಡಿತು ಬಳಿ ಅಂಗಡಿ ಮಾಳಿಗಿಗೆ
ಒಂದು ಕಲ್ಲಿನ ಗಿಳಿ. ಯಾವ ಕಾಲದ್ದೋ. ಕೊಕ್ಕಿಲ್ಲ.

ಚೌಕದಾಗ ಟಾಂಗಾದ ಹುಡುಗ, ಹೊಸಬ:
'ಸಾಬ್, ಗೋಲ್ ಗುಂಬಜ್? ಇಬ್ರಾಹಿಂ ರೋಜಾ?'
ಅವ ಕುಂತ ಗಾದಿ ನಾನ ಹೊಲಿದದ್ದು.
ಹೇಳಲಿಲ್ಲ.
'ಎಷ್ಟು ದೂರ?' ಅಂದೆ.
ಅವ ಕೆಳಗಿಳಿದು, ಕೈ ಚಾಚಿ,
ಗೊತ್ತಿಲ್ಲದವರಿಗೆ ತೋರಿಸುವಂಗ ತೋರಿಸಿದ,
ನಮ್ಮೂರನ್ನ, ನನಗ.

ನಾಲ್ಕೂವರೆಗೆ ಬಂದಳು, ಬಿಸಿಲಿಗೆ ಕೆಂಪಾಗಿ.
ಮ್ಯಾಲೆ ಸಾಲಿ ಹುಡುಗರ ಗದ್ದಲಕ್ಕ
ಪಿಸುಮಾತು ಒಂದೂ ಕೇಳಲಿಲ್ಲವಂತ.
ಎಂಬತ್ತು ಅಂದೆ. ನೂರು ಇಟ್ಟಳು.
ಚಿಲ್ಲರ ಹುಡುಕೂದರಾಗ ಆಟೋ ಹತ್ತಿದ್ದಳು.

ಮುಂದ ಯಾವ ಊರಾಗೋ ಮತ್ತ ಹರಿದರ
ಯಾರೋ ತಿರುವಿ ನೋಡಿಯಾರು ನನ್ನ ಕರೇ ದಾರ.
ಬಲಗೈಯವ, ಅಂದಾರು. ಖರೆ.
ಕೊನೀ ನಾಕು ಟಾಕಿ ಅವಸರದಾಗ ಹಾಕ್ಯಾನ, ಅಂದಾರು.
ಏನು ಮಾಡೂದ್ರೀ,
ನಡುವ ಒಂದು ಹತ್ತು ಮಿನಿಟು
ನಾ ಊರಾಗ ಇರಲಿಲ್ಲ.