ನಾಲ್ಕು ಗಂಟೆಗೆ ಆರು ದೆವ್ವ

ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ
ನನ್ನ ರಕ್ತ ಹೊರಗೆ ಹೋಗಿ ಬರುತ್ತದೆ,
ಮೀನು ಮಾರ್ಕೆಟ್ಟಿಗೆ ಹೋದವನ ಹಾಗೆ, ತುಸು ತಣ್ಣಗಾಗಿ.
ನಾಲ್ಕು ಗಂಟೆ. ಎಡಗೈ ಅಲ್ಲಾಡಿಸಕೂಡದು.
ಬಲಗೈಗೊಂದು ಪುಸ್ತಕ.

ಪುಸ್ತಕ ಡೆರೆಕ್ ಥರ್ಲ್‌ಬಿಯದು, ಪಕ್ಕದ ಕುರ್ಚಿಯವನು,
ಮೂವತ್ತು ವರ್ಷ ಟ್ರಾಲರಿನಲ್ಲಿ ಬಲೆ ಎಳೆದವನು.
ನಾನೂ ಹಡಗಿನವನೇ ಎಂದೆ ಮೊದಲ ದಿನ.
'ಕ್ಯಾಪ್ಟನ್ನೋ?'
'ಭಂಡಾರಿ. ಅಡುಗೆಯವನು.'
'ಇಪ್ಪತ್ತು ಹಸಿದ ಗಂಡಸರು! ಭಯ ಅಂದರೇನು
ನಿನಗೆ ಹೇಳಬೇಕಿಲ್ಲ' ಎಂದು ನಕ್ಕು
ಕೊಳವೆಗಳ ಮೇಲಿಂದ ದಾಟಿಸಿದ.

ಹತ್ತೊಂಬತ್ತು ಕಥೆ, ಹತ್ತೊಂಬತ್ತು ಜನ ಬರೆದದ್ದು.
ರಟ್ಟಿನ ಮೇಲೆ ಬಾವಿಯಿಂದ ಮೇಲೆ ಬರುವ ಕೈ,
ಹೆಬ್ಬೆರಳು ಯಾವ ಕಡೆ ಎಂಬುದು ಚಿತ್ರಗಾರನಿಗೇ ಗೊತ್ತಿಲ್ಲ.
ಚಾರಿಟಿ ಅಂಗಡಿಯಲ್ಲಿ ಐವತ್ತು ಪೆನ್ಸ್.
ಕಥೆಗೆ ನಲವತ್ತು ನಿಮಿಷ, ಕೂತರೆ ಆರು, ವಾರಕ್ಕೆ ಹದಿನೆಂಟು.
ಒಂದು ಮಿಕ್ಕುತ್ತದೆ.
ಪ್ರತಿ ಕಥೆಯ ಕೆಳಗೆ ಡೆರೆಕ್ ಪೆನ್ಸಿಲ್ಲಿನಲ್ಲಿ ಕೊಟ್ಟ ಅಂಕ:
ಹತ್ತಕ್ಕೆ ಆರು. ಹತ್ತಕ್ಕೆ ನಾಲ್ಕು,
ಬೆಕ್ಕೇ ಎಂದು ಮೂರನೇ ಪುಟದಲ್ಲೇ ಗೊತ್ತಾಯಿತು.
ಒಂದಕ್ಕೆ ಮಾತ್ರ ಅಂಕವಿಲ್ಲ: ಲೈಟ್ ಹಾಕಿಕೊಂಡು ಮಲಗಿದೆ.

ಪುಸ್ತಕದ ಗಾಡಿ ತಳ್ಳಿಕೊಂಡು ಬರುವ ಹುಡುಗಿ
ದಪ್ಪ ಕಾದಂಬರಿಯೊಂದನ್ನು ಎತ್ತಿ ತೋರಿಸಿದಳು,
ಒಂದೇ ಮನೆತನದ ಮೂರು ತಲೆಮಾರಂತೆ.
ಕಿಡ್ನಿಯನ್ನು ಕೇಳಿ ಹೇಳುತ್ತೇನೆ ಎಂದೆ.
ಕಾದಂಬರಿ ಉದ್ರಿ ಲೆಕ್ಕ, ನಾಳೆಯ ಮೇಲೆ ಬರೆಸಿಕೊಳ್ಳುತ್ತದೆ.
ಇದು ರೊಕ್ಕದ ಅಂಗಡಿ. ಬಾಗಿಲು ಕಿರುಗುಟ್ಟಿ,
ದೀಪ ಆರಿ, ಸಾಯಬೇಕಾದವರು ಸತ್ತು,
ಅರ್ಧ ಖಾಲಿ ಪುಟ.
ಆ ಬಿಳಿ ಜಾಗ ನನಗಿಷ್ಟ. ಅಲ್ಲಿ ಉಸಿರು ಬಿಡಬಹುದು.
ಮಗುಚಿದರೆ ಬೇರೆ ಊರು, ಬೇರೆ ಮನೆ,
ಹಿಂದಿನ ಕಥೆಯ ಸಾವಿನ ಸುದ್ದಿ ಇಲ್ಲಿ ಯಾರಿಗೂ ಮುಟ್ಟಿಲ್ಲ.

ಬೊಝೆನಾ ಸಿಸ್ಟರ್ ಬೈಯುತ್ತಾಳೆ.
ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗಲೇ
ಬಿಪಿ ಮೆಷಿನ್ ತೋಳು ಹಿಂಡಿ ಕಿರುಚಿಕೊಂಡಿತು.
'ಎಷ್ಟನೇ ಪುಟ?' ಎಂದಳು.
ನಗಬೇಡಿ, ಚಾರ್ಟಿನಲ್ಲಿ ಬರೆದೇಬಿಟ್ಟಳು: ಪುಟ ೧೧೨.

ಇಲ್ಲಿ ಹೆದರಲು ಬೇರೇನೂ ಇಲ್ಲವೇ ಎನ್ನುತ್ತೀರಿ.
ಇದೆ. ಪೊಟ್ಯಾಶಿಯಮ್ ಇದೆ. ಅದು ಬಾಗಿಲು ತಟ್ಟುವುದಿಲ್ಲ,
ಬಾಳೆಹಣ್ಣಿನಲ್ಲಿ ಬರುತ್ತದೆ.
ಅದಕ್ಕೆ ಮುಖವಿಲ್ಲ, ಬಿಳಿ ಸೀರೆಯಿಲ್ಲ, ಹಿಂದುಮುಂದಾದ ಪಾದವಿಲ್ಲ.
ಅದಕ್ಕೇ ಈ ಬಡಪಾಯಿ ದೆವ್ವಗಳ ಮೇಲೆ ನನಗೆ ಮಮತೆ.
ಎಷ್ಟು ಕಷ್ಟಪಟ್ಟು ಬರುತ್ತವೆ, ಚಿಮಣಿಯಿಂದ, ಕನ್ನಡಿಯಿಂದ,
ಸರಪಳಿ ಎಳೆದುಕೊಂಡು,
ಬಂದು ನನ್ನ ನಿಜವಾದ ಭಯಕ್ಕೆ
ಸ್ವಲ್ಪ ಏಳಪ್ಪ, ಇದು ನನ್ನ ಸೀಟು, ಎನ್ನುತ್ತವೆ.

ಮೊನ್ನೆ ಗುರುವಾರ ಡೆರೆಕ್‌ನ ಕುರ್ಚಿಗೆ ಹೊಸ ಹಾಳೆ ಹಾಸಿತ್ತು.
ಮಧ್ಯರಾತ್ರಿ ಫೋನ್ ಬಂದು ಕಿಡ್ನಿ ಸಿಕ್ಕಿತೋ ಏನೋ.
ಬೊಝೆನಾ ಕೊಳವೆ ಜೋಡಿಸುತ್ತ ಕಿಟಕಿಯತ್ತ ನೋಡಿದಳು.
ನಾನು ಕೇಳಲಿಲ್ಲ. ಒಳ್ಳೆಯ ಕಥೆ
ಬಾಗಿಲ ಹಿಂದೆ ಯಾರೆಂದು ಹೇಳುವುದಿಲ್ಲ,
ಹಿಡಿಕೆ ತಿರುಗಿತು ಎಂದಷ್ಟೇ ಹೇಳಿ ಮುಗಿಯುತ್ತದೆ.

ಪುಸ್ತಕ ನನ್ನಲ್ಲೇ ಉಳಿದಿದೆ. ಹದಿನೆಂಟು ಕಥೆಗೆ ಅಂಕವಿದೆ.
ಹತ್ತೊಂಬತ್ತನೆಯದನ್ನು ಅವನು ಓದಿರಲಿಲ್ಲವೋ,
ಓದಿ ಪೆನ್ಸಿಲ್ ಕೆಳಗಿಟ್ಟನೋ.

ನಾನು ಚಿಕ್ಕವನಿದ್ದಾಗ ಒಂದು ವರ್ಷ ನಮ್ಮ ಬೀದಿಯ ಬಾಗಿಲಿಗೆಲ್ಲ
ಸುಣ್ಣದಲ್ಲಿ ನಾಳೆ ಬಾ ಎಂದು ಬರೆದಿದ್ದರು.
ಅಕ್ಷರ ಕಲಿತ ದೆವ್ವ, ಪಾಪ,
ದಿನಾ ಬಂದು ಓದಿ ತಿರುಗಿ ಹೋಗುತ್ತಿತ್ತು.
ನಮ್ಮ ಮನೆಗೆ ಬರೆದವನು ನಾನೇ: ನಾಲೆ ಬಾ.
ಕಾಲುವೆಯನ್ನೇ ಕರೆದೆಯಲ್ಲೋ, ಮುಳುಗಿ ಸಾಯೋಣವೇ,
ಎಂದು ಅಕ್ಕ ತಿದ್ದಿದ್ದಳು.

ಡೆರೆಕ್‌ನ ಪೆನ್ಸಿಲ್ ಪುಟಗಳ ನಡುವೆಯೇ ಇತ್ತು.
ಹತ್ತೊಂಬತ್ತನೆಯ ಕಥೆಯ ನೆತ್ತಿಯ ಮೇಲೆ ಬರೆದೆ,
ಕನ್ನಡದಲ್ಲಿ, ಎರಡೇ ಪದ,
ಈ ಸಲ ಳಕಾರ ಸರಿಯಾಗಿಯೇ ಬಿತ್ತು.
ಇವತ್ತು ಶನಿವಾರ. ಮತ್ತೆ ಮೊದಲ ಕಥೆಗೆ ತಿರುಗಿದ್ದೇನೆ.
ಹತ್ತಕ್ಕೆ ಆರು ಅಂತೆ.
ನಾನಾಗಿದ್ದರೆ ಏಳು ಕೊಡುತ್ತಿದ್ದೆ.