ಮೊದಲು, ನಂತರ

ಮಂಡಕ್ಕಿ ಭಟ್ಟಿಯ ಮಸಿ ಅಂಗಿ ಬೇಕು ಅಂತ
ಕೇಬಲ್ಲಿನ ಕೊಟ್ರಬಸಪ್ಪ ಬಂದ.
‘ದಸ್ತಗೀರ್, ಒಗೀಬ್ಯಾಡ, ಹಂಗೇ ಬಾ.’
ಹಂಗೇ ಹೋದೆ.

ಪಿ.ಜೆ. ಬಡಾವಣೆಯ ಮಹಡಿ, ಎರಡು ದೀಪ,
ಭಟ್ಟಿಗಿಂತ ಸೆಕೆ.
‘ಬೇಜಾರಾಗಿರು’ ಅಂದ್ರು. ಇದ್ದೆ.
‘ಇನ್ನೂ ಸ್ವಲ್ಪ.’
ಬೆಳಗಿನ ಚಾ ಕುಡಿದಿರಲಿಲ್ಲ, ಸಲೀಸಾಗಿ ಬಂತು.

ಆಮೇಲೆ ‘ನಂತರ’ದವನು ಬಂದ:
ಹರಿಹರದ ಹುಡುಗ, ಅಂಗಡಿಯಿಂದ ಆಗಷ್ಟೇ ಬಿಚ್ಚಿದ ಅಂಗಿ,
ಕಾಲರಿನಲ್ಲಿ ಗುಂಡುಸೂಜಿ ಇನ್ನೂ ಇತ್ತು.
ಚುಚ್ಚಿತೋ ಏನೋ, ಹಲ್ಲು ಬಿಟ್ಟ.
ಆ ನಗುವೇ ಪಾಸಾಯ್ತು.

ಪುಡಿ?
ಪುಡಿ ಇನ್ನೂ ತಯಾರಾಗಿರಲಿಲ್ಲ.
ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಲಿ ಅಂತ
ಒಳಗೆ ನಮ್ಮದೇ ಮಂಡಕ್ಕಿ.

ಈಗ ದಿನಾ ಸಂಜೆ ವಾರ್ತೆಯ ನಡುವೆ
ಮೂರು ಸಲ ನಾನು ಕೊಳೆಯಾಗ್ತೀನಿ.
ಬಾಷಾ ನಗರದ ಹುಡುಗರು ‘ಏ ಮೊದಲು!’ ಅಂತ ಕೂಗ್ತಾವೆ.
ಚಾ ಅಂಗಡಿಯವ ನನ್ನ ಸಾಲ ಬರೆಯೋದೂ
ಅದೇ ಹೆಸರಲ್ಲಿ.

ಜೈಬುನ್ನಿಸಾಗೆ ಮಾತ್ರ ಸಿಟ್ಟು:
‘ನಾ ಒಗೆಯೋದೇ ಇಲ್ಲ ಅಂತ
ಊರಿಗೆಲ್ಲ ಸಾರಿ ಬಂದ್ರಲ್ಲ!’
ರಾತ್ರಿಯೇ ಆ ಅಂಗಿಯನ್ನ ಕಲ್ಲಿಗೆ ಬಡಿದಳು,
ಸವೆದ ಬಾರ್ ಸೋಪಿನ ಚೂರು, ಎರಡು ಕೊಡ ನೀರು,
ಒಂದಷ್ಟು ಬೈಗುಳ.
ಬೆಳಿಗ್ಗೆ ತಂತಿಯ ಮೇಲೆ ಬಿಳಿ,
ಅಥವಾ ಒಂದು ಕಾಲಕ್ಕೆ ಬಿಳಿ ಇತ್ತು
ಅಂತ ನಂಬುವಷ್ಟು.

ತೊಟ್ಟು ಭಟ್ಟಿಗೆ ಬಂದರೆ
ಕೊಟ್ರಬಸಪ್ಪ ಬಾಗಿಲಲ್ಲೇ ತಲೆ ಚಚ್ಚಿಕೊಂಡ:
‘ಒಗೆದೇ ಬಿಟ್ಯಾ? ಎರಡನೇ ಭಾಗ ಬಾಕಿ ಇತ್ತಲ್ಲೋ!’

ಉರಿ ಎಬ್ಬಿಸಿದೆ, ಮರಳು ಕೆದಕಿದೆ.
‘ಮಧ್ಯಾಹ್ನದ ತನಕ ಕೂತ್ಕೊಳ್ರಿ’ ಅಂದೆ.